ಕಸ್ತೂರೆವ್ವನ ಕೊರಳಪೆಟ್ಟಿಗೆ

ಆ ಬುಧವಾರ ಬೆಳಿಗ್ಗೆ ರೋಣಕ್ಕೆ ಹೋಗಬೇಕಾದ ಹನ್ನೊಂದು ಜನ ಮುಂಡರಗಿ ಬಸ್ಸು ಹತ್ತಿ ಕೂತರು. ತಪ್ಪು ಅವರದೇನಲ್ಲ. ಗದಗಿನ ಬಸ್ ಸ್ಟ್ಯಾಂಡಿನಲ್ಲಿ ಬೋರ್ಡು ಓದಿ ಬಸ್ಸು ಹತ್ತುವ ರೂಢಿ ಯಾರಿಗೂ ಇಲ್ಲ. ಇಪ್ಪತ್ತಾರು ವರ್ಷದಿಂದ ಅಲ್ಲಿಯ ಜನ ಕಿವಿ ನಂಬಿಕೊಂಡೇ ಬಸ್ಸು ಹತ್ತುತ್ತಾರೆ. ಮೈಕಿನಲ್ಲಿ ಕಸ್ತೂರೆವ್ವ ಹೇಳಬೇಕು, ಇವರು ಚೀಲ ಎತ್ತಬೇಕು. ಅವತ್ತು ಮೈಕು ಬಾಯಿ ಬಿಡಲಿಲ್ಲ.

ಸ್ಟ್ಯಾಂಡಿನ ಗೇಟಿನ ಪಕ್ಕದ ಮಳಿಗೆಯಲ್ಲಿ ದಾವಲಸಾಬ ನದಾಫನ ರಿಪೇರಿ ಅಂಗಡಿ. ಮಿಕ್ಸರ್, ಫ್ಯಾನು, ಇಸ್ತ್ರಿಪೆಟ್ಟಿಗೆ, ಮೊಬೈಲು, ಕೆಟ್ಟದ್ದು ಏನೇ ತಂದರೂ ಬೇಡ ಅನ್ನುವವನಲ್ಲ. ಬಾಯಿ ಸ್ವಲ್ಪ ಜೋರು, ಕೈ ಅದಕ್ಕಿಂತ ಚುರುಕು. ಏಳೂವರೆಯ ಶಿರಹಟ್ಟಿ ಬಸ್ಸಿಗೂ ಧ್ವನಿ ಬರದಿದ್ದಾಗ ಅವನು ಬಸಿಯಲ್ಲಿದ್ದ ಚಹಾ ಅಲ್ಲೇ ಬಿಟ್ಟು ಎದ್ದ. ಕಸ್ತೂರೆವ್ವ ರಜೆ ಹಾಕುವ ಹೆಂಗಸಲ್ಲ.

ಕಂಟ್ರೋಲ್ ರೂಮಿನಲ್ಲಿ ಅವಳು ಇದ್ದಳು. ಮೈಕಿನ ಮುಂದೆ ಕುರ್ಚಿಯಲ್ಲಿ ನೆಟ್ಟಗೆ ಕೂತು ಎದೆಯ ಮೇಲಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ದಾವಲಸಾಬನನ್ನು ನೋಡಿದವಳೇ ಎದ್ದು ಬಸ್ಸಿನ ವೇಳೆ ಬರೆಯುವ ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಗೀಚಿದಳು. "ಚಾಲೂ ಆಗವಲ್ದು. ಕೆಂಪು ದೀಪ ಐತಿ. ಹಸಿರು ಇಲ್ಲ."

ಈ ಪೆಟ್ಟಿಗೆಯ ಕಥೆ ಇಷ್ಟು. ಏಳು ವರ್ಷದ ಹಿಂದೆ ಕಸ್ತೂರೆವ್ವನ ಗಂಟಲಲ್ಲಿ ಗಡ್ಡೆ ಬೆಳೆದು, ಡಾಕ್ಟರು ಜೀವ ಉಳಿಸಿ ಧ್ವನಿ ತೆಗೆದರು. ಹಿಂದಿನ ಕಾಲವಾಗಿದ್ದರೆ ಉಳಿದ ಆಯುಷ್ಯವೆಲ್ಲ ಕೈಸನ್ನೆಯಲ್ಲೇ ಕಳೆಯಬೇಕಿತ್ತು. ಅಷ್ಟರಲ್ಲಿ ಕೊರಳಪೆಟ್ಟಿಗೆ ಬಂದಿತ್ತು. ಗಂಟಲಿಗೆ ಅಂಟಿಸಿದ ಎರಡು ಬಿಲ್ಲೆಗಳು, ಮಾತಾಡಬೇಕೆಂದಾಗ ನರ ಹೇಗೆ ಮಿಡಿಯುತ್ತದೆ ಅನ್ನುವುದನ್ನು ಹಿಡಿಯುತ್ತವೆ. ಎದೆಯ ಮೇಲಿನ ಪೆಟ್ಟಿಗೆಯಲ್ಲಿ ಎಲೆ ಅಡಿಕೆ ಡಬ್ಬಿಯಷ್ಟೇ ಅಗಲದ ಒಂದು ಪುಟ್ಟ ಕಂಪ್ಯೂಟರು, ಒಂದೇ ಹಸಿರು ಬೋರ್ಡಿನದು. ಮಿಡಿತವನ್ನು ಮಾತಾಗಿ ಮಾಡುವುದು ಅದರ ಕೆಲಸ. ಸೊಂಟದ ಚೀಲದಲ್ಲಿ ಪವರ್ ಬ್ಯಾಂಕು, ನಡುವೆ ಒಂದು ಕೇಬಲ್. ಧ್ವನಿ ಯಾರದ್ದು ಅಂದಿರೋ, ಅವಳದ್ದೇ. ಹತ್ತೊಂಬತ್ತು ವರ್ಷ ಮೈಕಿನಲ್ಲಿ ಕೂಗಿದ್ದರ ಧ್ವನಿಮುದ್ರಣವೆಲ್ಲ ಇತ್ತಲ್ಲ, ಅದನ್ನೇ ಸೋಸಿ ತುಂಬಿದ್ದರು. "ಬಾದಾಮಿ ಬಸ್ಸಿನ ಡ್ರೈವರ್, ಚಹಾ ಸಾಕು, ಬಸ್ಸಿಗೆ ಬರ್ರಿ" ಅಂತ ಅವಳು ಗದರಿದರೆ, ಆಪರೇಷನ್ ಆದದ್ದು ಅವಳಿಗೋ ಬೇರೆಯವರಿಗೋ ಅಂತ ಅನುಮಾನ ಬರಬೇಕು, ಹಾಗೆ.

ಒಂದು ತೊಡಕು. ಈಗಿನ ಕಾಲದಲ್ಲಿ ಬ್ಯಾಂಕಿನಲ್ಲಿ, ರೇಷನ್ ಅಂಗಡಿಯಲ್ಲಿ, ಕೋರ್ಟಿನಲ್ಲಿ ಎಲ್ಲ ಕಡೆಯೂ ಧ್ವನಿಯೇ ಸಹಿ. ಹಾಗಾಗಿ ಒಬ್ಬರ ಧ್ವನಿಯನ್ನು ನಕಲು ಮಾಡಿ ಇಡುವಂತಿಲ್ಲ. ಅದನ್ನು ಆಯಾ ಬೋರ್ಡಿನ ಚಿಪ್ಪಿನೊಳಗೇ ಬೀಗ ಹಾಕಿ ಇಟ್ಟಿರುತ್ತಾರೆ. ಬೋರ್ಡು ಹೋದರೆ ಧ್ವನಿಯೂ ಹೋಯಿತು.

ಪೆಟ್ಟಿಗೆ ಮಾಡಿದ ಕಂಪನಿಯ ಹೆಸರು ಬೇಡ. ಹೆಸರು ಹೇಳಿದರೆ ನೋಟಿಸು ಕಳಿಸುವುದು ಅವರಿಗೆ ಚಟ. ಬರೀ ಕಂಪನಿ ಅನ್ನೋಣ. ಈ ಕಂಪನಿ ಹೊಸ ಮಾದರಿ ತಂದಿತ್ತು. ಅದರಲ್ಲಿ ನಮ್ಮ ನಮ್ಮ ಧ್ವನಿ ಇಲ್ಲ, ಮೊದಲೇ ತಯಾರಿಸಿಟ್ಟ ಆರು ಧ್ವನಿಗಳು, ಆರೂ ಟಿ.ವಿ.ಯಲ್ಲಿ ಹವಾಮಾನ ಹೇಳುವವರ ಥರ. ಹಳೆಯ ಪೆಟ್ಟಿಗೆಗಳೆಲ್ಲ ಹಾಳಾಗಿವೆ, ಚಾಲೂ ಆಗುವುದೇ ಇಲ್ಲ, ರೋಗಿಗಳ ಹಿತದೃಷ್ಟಿಯಿಂದ ವಾಪಸು ಪಡೆಯಲು ಅಪ್ಪಣೆ ಕೊಡಿ ಅಂತ ಸರಕಾರಕ್ಕೆ ಅರ್ಜಿ ಹಾಕಿದ್ದರು. ಜಿಲ್ಲೆಯಲ್ಲಿ ಹಳೆಯ ಪೆಟ್ಟಿಗೆಯವರು ನಲವತ್ತಮೂರು ಜನ. ಆಕ್ಷೇಪ ಇದ್ದವರು ಶುಕ್ರವಾರ ಹನ್ನೊಂದಕ್ಕೆ ವಿಚಾರಣೆಗೆ ಬಂದು ತಮ್ಮ ಬಾಯಿಂದಲೇ ಹೇಳಬೇಕು. ಪಟ್ಟಿಯಲ್ಲಿ ಮೊದಲ ಹೆಸರು ಕಸ್ತೂರಿ ಹಡಪದ.

ಈಗ ಅದೇ ಪೆಟ್ಟಿಗೆ ಕೆಂಪು ದೀಪ ಹಚ್ಚಿಕೊಂಡು ಸುಮ್ಮನೆ ಕೂತಿತ್ತು.

"ತಂಗೀ, ಇದು ಶುಕ್ರವಾರ ಹಿಂಗ ಕುಂತರ ಅವರು ಏನಂತಾರ ಗೊತ್ತೈತಿಲ್ಲ," ಅಂದ ದಾವಲಸಾಬ. "ನೋಡ್ರಿ, ನಾವು ಹೇಳಿದ್ದ ಖರೆ ಆತು ಅಂತಾರ. ನೀನು ಸಾಕ್ಷಿ ಹೇಳಾಕ ಹೋಗಿ ಅವರಿಗೇ ಸಾಕ್ಷಿ ಆಗ್ತಿ."

ಅವಳು ಸೀಮೆಸುಣ್ಣ ಮುರಿದುಹೋಗುವಷ್ಟು ಒತ್ತಿ ಬರೆದಳು. "ಅದಕ್ಕ ನಿನ್ನ ಕರೀಬೇಕಂತ ಇದ್ದೆ."

ಬಿಚ್ಚಿ ನೋಡಲು ದಾವಲಸಾಬನ ಕೈ ತುರಿಸುತ್ತಿತ್ತು. ಆದರೆ ಮುಚ್ಚಳದ ಮೇಲೆ ಕಂಪನಿಯ ಸೀಲು. ಅವನು ಒಡೆದರೆ, ಬೀದಿಯ ರಿಪೇರಿಯವನು ಕೆಡಿಸಿದ ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. "ನಡಿ, ಹುಬ್ಬಳ್ಳಿಗೆ ಹೋಗೂಣು," ಅಂದ. "ಸೀಲು ಅವರ ಕೈಲೇ ಒಡಸೂಣು."

ಹುಬ್ಬಳ್ಳಿಯ ಸರ್ವಿಸ್ ಲ್ಯಾಬು ಆಸ್ಪತ್ರೆಗಿಂತ ಬಿಳಿ. ಒಳಗೆ ಕಾಲಿಡಬೇಕಾದರೆ ಚಪ್ಪಲಿಯ ಮೇಲೆ ನೀಲಿ ಚೀಲ ಹಾಕಿಕೊಳ್ಳಬೇಕು. ಎಂಜಿನಿಯರು ನಿಖಿಲ್ ಅಂಗಡಿ ಅನ್ನುವ ಹುಡುಗ ಮುಖದ ಮನುಷ್ಯ, ಒಳ್ಳೆಯವನೇ, ಆದರೆ ಮಾತಾಡುವ ಮೊದಲು ಪ್ರತಿಸಲ ಕಂಪ್ಯೂಟರಿನ ಪರದೆ ನೋಡುತ್ತಿದ್ದ. ಸೀಲು ಒಡೆದು ಮುಚ್ಚಳ ತೆಗೆದ. ತನ್ನ ಮೇಜಿನ ಮೇಲಿದ್ದ ಬಿಳಿ ಕೇಬಲ್ ಚುಚ್ಚಿದ. ಕೆಂಪು ದೀಪ ಹತ್ತಿತು, ಹಸಿರು ಒಂದು ಸಲ ಮಿಣುಕಿ ಆರಿತು. ನಿಖಿಲ್ ಭೂತಗನ್ನಡಿ ಎಳೆದುಕೊಂಡು ಬಗ್ಗಿ ನೋಡಿದ.

"ಏನ್ರಿ ಇದು, ಕೆಂಪಗ?"

ದಾವಲಸಾಬನೂ ನೋಡಿದ. ನಡುವಿನ ಕರಿ ಚಿಪ್ಪಿನ ನೆತ್ತಿಯ ಮೇಲೆ ದುಂಡಗೆ ಒಂದು ಕುಂಕುಮದ ಬೊಟ್ಟು. ನೀರು ಕಲಸಿ ಇಟ್ಟಿದ್ದರಿಂದ ಇಳಿದು ಪಕ್ಕದ ಸಣ್ಣ ಸಣ್ಣ ಕಾಲುಗಳ ನಡುವೆಯೂ ಹರಿದು ಒಣಗಿತ್ತು. ಪಕ್ಕದಲ್ಲಿ ಒಂದು ಅಕ್ಷತೆ ಕಾಳು ಬೇರೆ.

ಎರಡು ದಿನದ ಹಿಂದೆ, ಸೋಮವಾರ, ಖಂಡೇನವಮಿ. ಇಡೀ ಸೀಮೆಯಲ್ಲಿ ಕುಡುಗೋಲಿನಿಂದ ಲಾರಿಯತನಕ ಯಾವ ಯಂತ್ರಕ್ಕೂ ಅವತ್ತು ಕುಂಕುಮ ತಪ್ಪುವುದಿಲ್ಲ. ದಾವಲಸಾಬನಿಗೆ ತಟ್ಟನೆ ಹೊಳೆಯಿತು. ಕಸ್ತೂರೆವ್ವನಿಗೂ ಹೊಳೆಯಿತು, ಅವಳು ಕಣ್ಣು ಮುಚ್ಚಿಕೊಂಡಳು.

"ಬಳಕೆದಾರರ ತಪ್ಪು," ಅಂತ ಬರೆದುಕೊಂಡ ನಿಖಿಲ್. ಭೂತಗನ್ನಡಿಯ ಮೇಲಿನ ಕ್ಯಾಮೆರಾದಿಂದ ಫೋಟೊ ತೆಗೆದ. ಒಂದು ಫಾರ್ಮು ಮುಂದೆ ಸರಿಸಿದ. "ಮಾತು ಇಲ್ಲಲ್ಲ, ಇಲ್ಲಿ ಕೈಲೇ ಸಹಿ ಮಾಡಿ ಪೆಟ್ಟಿಗಿ ಒಪ್ಪಿಸಿಬಿಡ್ರಿ ಮೇಡಂ. ಹೊಸಾದು ಇವತ್ತ ಕೊಡ್ತೀವಿ. ನಮ್ಮ ಟೇಬಲ್ ಮ್ಯಾಲೆ, ನಮ್ಮದ ಕೇಬಲ್ ಹಾಕಿ ನೋಡೀವಿ. ಇದು ಇನ್ನ ಮ್ಯಾಲೆ ಆಗೂದಿಲ್ಲ."

ಕಸ್ತೂರೆವ್ವ ಫಾರ್ಮನ್ನು ನಾಲ್ಕು ಮಡಿಕೆ ಮಡಿಚಿ ಮೇಜಿನ ಮೇಲೆ ಇಟ್ಟಳು. ಪೆಟ್ಟಿಗೆಯನ್ನು ಎತ್ತಿಕೊಂಡು ಸೆರಗಿನೊಳಗೆ ಸೇರಿಸಿದಳು. ಆಗ ಅವಳ ಮುಖ ನೋಡಿದ್ದರೆ ಬಾದಾಮಿ ಬಸ್ಸಿನ ಡ್ರೈವರು ಚಹಾ ಚೆಲ್ಲಿ ಓಡಿಬರುತ್ತಿದ್ದ.

"ಸೀಲು ಒಡದವರು ನೀವು," ಅಂದ ದಾವಲಸಾಬ. "ಅಷ್ಟು ಬರದು ಕೊಡ್ರಿ. ಉಳಿದದ್ದು ನಾವು ನೋಡ್ಕೋತೀವಿ." ನಿಖಿಲ್ ಪರದೆ ನೋಡಿದ, ಪರದೆ ಏನೂ ಹೇಳಲಿಲ್ಲ. ಬರೆದುಕೊಟ್ಟ.

ಸಂಜೆ ಮನೆ ಮುಟ್ಟಿದಾಗ ಅತ್ತೆ ಬಾಳವ್ವ ಪಡಸಾಲೆಯಲ್ಲಿ ಕೂತು ಹೆಸರುಕಾಳು ಆರಿಸುತ್ತಿದ್ದಳು. ವಯಸ್ಸು ಎಪ್ಪತ್ತಾರು. ಮೊನ್ನೆ ಬೇಸಿಗೆಯಲ್ಲಿ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡಿದ್ದಳು, ಆವತ್ತಿನಿಂದ ಮನೆಯಲ್ಲಿ ಯಾರ ಅಂಗಿಯ ಯಾವ ಗುಂಡಿ ಸಡಿಲ ಅನ್ನುವುದೂ ಅವಳ ಬಾಯಲ್ಲೇ. ದಾವಲಸಾಬ ಬಿಚ್ಚಿದ ಪೆಟ್ಟಿಗೆಯನ್ನು ಅವಳ ಮುಂದೆ ಹಿಡಿದ.

"ಆಯೀ, ಇದಕ್ಕ ಕುಂಕುಮ ಹಚ್ಚಿದವರು ಯಾರು?"

"ನಾನ ಹಚ್ಚೇನಿ," ಅಂದಳು ಬಾಳವ್ವ, ಕೇಳಿದ್ದೇ ತಡ. "ಯಾಕ, ಹಚ್ಚಬಾರದೇನು? ಪ್ರತಿವರ್ಷ ಮುಚ್ಚಳದ ಮ್ಯಾಲೆ ಹಚ್ತಿದ್ದೆ. ಆದರ ಮುಚ್ಚಳ ಅಂದ್ರ ಅದರ ಅಂಗಿ ಆತಲ್ಲೋ. ಅಂಗಿಗೆ ಯಾರಾದರೂ ಬೊಟ್ಟು ಇಡ್ತಾರೇನು? ಈ ವರ್ಷ ಕಣ್ಣು ಛಲೋ ಕಾಣಾಕತ್ತಾವ, ಅಂಚಿನ ಸಂದಿಗೆ ಪಿನ್ನು ಹಾಕಿ ಎತ್ತಿದೆ, ಸೀಲು ಹರಿಯದಂಗ. ಹಣಿ ಎಲ್ಲೈತಿ ಅಂತ ಹುಡುಕಿ, ನಡುವ ಇಟ್ಟೆ."

ಬಾಳವ್ವ ಒಬ್ಬೊಬ್ಬರ ಮುಖ ನೋಡಿದಳು. ಸೊಸೆಯ ಕೊರಳ ಕೆಳಗೆ ಪೆಟ್ಟಿಗೆ ಇಲ್ಲದ ಬರೀ ಎದೆ ನೋಡಿದಳು. ಅವಳ ಕೈಯಿಂದ ಮೊರ ಜಾರಿ ಹೆಸರುಕಾಳು ಪಡಸಾಲೆ ತುಂಬ ಉರುಳಿತು.

"ನಾ ಕೆಡಿಸಿದೆನೇನ ಕಸ್ತೂರಿ? ನಿನ್ನ ಮಾತು ನಾ ತಗದೆನೇನು?"

ಕಸ್ತೂರೆವ್ವನಿಗೆ ಸಿಟ್ಟು ಬಂದಿತ್ತು, ಸುಳ್ಳೇಕೆ. ಹುಬ್ಬಳ್ಳಿಯಿಂದ ಗದಗಿನವರೆಗೆ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಕೂತಿದ್ದಳು. ಆದರೆ ಆಪರೇಷನ್ ಆದ ಮೊದಲ ವಾರ, ಗಂಟಲಲ್ಲಿ ನಳಿಗೆ ಇದ್ದಾಗ, ಹಗಲಿರುಳು ಪಕ್ಕದಲ್ಲಿ ಕೂತು ಸೊಸೆಯ ತುಟಿ ಓದಲು ಕಲಿತವಳು ಈ ಮುದುಕಿಯೇ. ಕಸ್ತೂರೆವ್ವ ಕೆಳಗೆ ಕೂತು ಕಾಳು ಆರಿಸತೊಡಗಿದಳು. ಆರಿಸುತ್ತ ಒಮ್ಮೆ ತಲೆಯೆತ್ತಿ ತುಟಿ ಆಡಿಸಿದಳು. ಬಾಳವ್ವ ಓದಿಕೊಂಡು ಕಣ್ಣೊರೆಸಿಕೊಂಡಳು.

"ಏನಂದಳು?" ಅಂತ ದಾವಲಸಾಬ.

"ನಾಳೆ ನಿನ್ನ ಅಂಗಡಿಗೆ ನಾನೂ ಬರಬೇಕಂತ."

ಗುರುವಾರ ಬೆಳಿಗ್ಗೆ ಎಂಟಕ್ಕೇ ಮೂವರೂ ಅಂಗಡಿಯಲ್ಲಿದ್ದರು. ಕಂಟ್ರೋಲ್ ರೂಮಿನಲ್ಲಿ ಯಾವನೋ ಕ್ಲಾರ್ಕು ಮೈಕು ಹಿಡಿದು ಉಗುಳು ನುಂಗುತ್ತ ಬಸ್ಸು ಕರೆಯುತ್ತಿದ್ದ. ಅವನ ಒಂದೊಂದು ತಪ್ಪಿಗೂ ಕಸ್ತೂರೆವ್ವ ಬೆಂಚಿನ ಮೇಲೆ ಕೂತಲ್ಲೇ ಹಲ್ಲು ಕಡಿಯುತ್ತಿದ್ದಳು. ಬಾಳವ್ವ ಖಾಲಿ ಸೋಡಾ ಕ್ರೇಟಿನ ಮೇಲೆ, ದಾವಲಸಾಬನ ಮೊಣಕೈಗೆ ಅಂಟಿಕೊಂಡಂತೆ ಕೂತಿದ್ದಳು.

ಮೊದಲು ಕುಂಕುಮ. ಅರಿಸಿನಕ್ಕೆ ಸುಣ್ಣ ಸೇರಿಸಿ ಮಾಡುವ ಪುಡಿ ಅದು, ನೀರು ಬಿದ್ದರೆ ಕರೆಂಟಿಗೆ ಕಳ್ಳದಾರಿ ಮಾಡಿಕೊಡುತ್ತದೆ. ದಾವಲಸಾಬ ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಕೂಸಿನ ಮೈ ತೊಳೆಯುವ ಹಾಗೆ ತೊಳೆದ. ಅಕ್ಷತೆ ಕಾಳನ್ನು ಚಿಮಟಿಯಿಂದ ತೆಗೆದು ಬಾಳವ್ವನ ಕೈಗೇ ಕೊಟ್ಟ. ಒಣಗಿಸಿ, ಕೊರಳ ಬಿಲ್ಲೆ ಬಿಚ್ಚಿ, ಸ್ಪೀಕರ್ ಬಿಚ್ಚಿ, ಬರೀ ಬೋರ್ಡಿಗೆ ಕಸ್ತೂರೆವ್ವನ ಬಿಳಿ ಕೇಬಲ್ ಚುಚ್ಚಿದ. ಕೆಂಪು ದೀಪ. ಹಸಿರು ಮೂರು ಸಲ ಮಿಣುಕಿ ಆರಿತು.

"ನಿನ್ನೆ ಒಂದು ಸಲ, ಇವತ್ತು ಮೂರು ಸಲ," ಅಂದ. "ಜೀವ ಐತಿ. ಎದ್ದೇಳಾಕ ನೋಡ್ತೈತಿ, ಎದ್ದೇಳಾಕ ಆಗವಲ್ದು."

ಆಮೇಲೆ ಮೆಮೊರಿ ಕಾರ್ಡು. ಧ್ವನಿ ಬೀಗದೊಳಗೆ ಚಿಪ್ಪಿನಲ್ಲಿದ್ದರೂ, ಬೋರ್ಡು ಎದ್ದು ಏನೇನು ಮಾಡಬೇಕು ಅನ್ನುವುದೆಲ್ಲ ಉಗುರಿನಷ್ಟು ಕಾರ್ಡಿನಲ್ಲಿ ಇರುತ್ತದೆ. ಎದ್ದೇಳುತ್ತಿರುವಾಗಲೇ ಕರೆಂಟು ಹೋದರೆ ಆ ಬರಹ ಅರ್ಧಕ್ಕೆ ಹರಿಯುತ್ತದೆ. ದಾವಲಸಾಬ ಕಾರ್ಡನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿದ. ಹರಿದಿತ್ತು, ಒಂದಲ್ಲ, ಹತ್ತಾರು ಕಡೆ. ಅದಕ್ಕೇನೂ ಬೀಗವಿರಲಿಲ್ಲ. ಎರಡು ತಾಸು ಕೂತು ಸರಿಪಡಿಸಿದ. ಮತ್ತೆ ಚುಚ್ಚಿದ. ಹಸಿರು ಆರು ಸಲ ಮಿಣುಕಿತು. ಆರಿತು.

ಊಟ ಯಾರಿಗೂ ನೆನಪಾಗಲಿಲ್ಲ. ಮೀಟರು ಹಿಡಿದು ಕೇಬಲಿನ ತುದಿಗೆ ಇಟ್ಟು ನೋಡಿದ, ಐದು ಪಾಯಿಂಟ್ ಒಂದು. ಎಷ್ಟಿರಬೇಕೋ ಅಷ್ಟೇ. ಪವರ್ ಬ್ಯಾಂಕು ಬದಲಿಸಿ ನೋಡಿದ, ಅಷ್ಟೇ. ಕರೆಂಟು ಬರುತ್ತಿದೆ, ಬೋರ್ಡು ಶುದ್ಧವಾಗಿದೆ, ಕಾರ್ಡು ಸರಿಯಾಗಿದೆ, ಮತ್ತೆ ಯಾಕೆ ಏಳುತ್ತಿಲ್ಲ ಅಂತ ಅವನಿಗೆ ತಲೆ ಕೆಟ್ಟಿತು. ಒಳಗೊಳಗೇ ಹೆದರಿಕೆಯೂ ಆಯಿತು. ಚಿಪ್ಪೇ ಸುಟ್ಟಿದ್ದರೆ? ಆ ಮಾತನ್ನು ಅವನು ಬಾಯಿಂದ ಆಡಲಿಲ್ಲ, ಪಕ್ಕದಲ್ಲಿದ್ದ ಮುದುಕಿಯ ಮುಖ ನೋಡಿ ನುಂಗಿಕೊಂಡ.

"ಇನ್ನೊಮ್ಮೆ ಹಚ್ಚೋ," ಅಂದಳು ಬಾಳವ್ವ.

ಚುಚ್ಚಿದ. ಹಸಿರು ಮಿಣುಕಿತು, ಆರಿತು.

"ಈ ಕೆಂಪಂದೂ ಕಣ್ಣು ಮಿಟಿಕಿಸ್ತೈತಲ್ಲೋ."

"ಇಲ್ಲ ಆಯೀ. ಕೆಂಪು ಹತ್ತೇ ಇರತೈತಿ."

"ನನ್ನ ಕಣ್ಣು ಹೊಸಾವು. ಹಸಿರು ಹತ್ತಿದಾಗೆಲ್ಲ ಕೆಂಪು ಸಣ್ಣ ಆಗ್ತೈತಿ. ನೋಡು."

ದಾವಲಸಾಬ ಅಂಗೈಯಿಂದ ಬೆಳಕು ಮರೆಮಾಡಿ ಮತ್ತೆ ಚುಚ್ಚಿ ನೋಡಿದ. ಮುದುಕಿ ಹೇಳಿದ್ದು ಅಪ್ಪಟ ಸತ್ಯ. ಹಸಿರು ಹತ್ತಿದ ಕ್ಷಣಕ್ಕೆ ಕೆಂಪು ಒಂದು ಎಳೆ ಕುಗ್ಗುತ್ತಿತ್ತು. ಅವನು ಹಣೆ ಚಚ್ಚಿಕೊಂಡ. ನಲವತ್ತು ವರ್ಷ ರಿಪೇರಿ ಮಾಡಿದವನು, ನಿನ್ನೆ ಮೊನ್ನೆ ಬಂದವರ ಹಾಗೆ, ಭಾರವಿಲ್ಲದ ಕೇಬಲಿಗೆ ಮೀಟರು ಹಿಡಿದಿದ್ದ. ಸುಮ್ಮನಿದ್ದಾಗ ಯಾವ ಕೇಬಲ್ ಆದರೂ ಐದು ವೋಲ್ಟು ತೋರಿಸುತ್ತದೆ. ಬೋರ್ಡು ಎದ್ದೇಳುವಾಗ ಒಂದೇ ಗುಟುಕಿಗೆ ಜಾಸ್ತಿ ಕರೆಂಟು ಎಳೆಯುತ್ತದಲ್ಲ, ಆಗ ನೋಡಬೇಕು. ಈಗ ಮೀಟರಿನ ಮೊನೆಗಳನ್ನು ಬೋರ್ಡಿನ ಕಾಲಿಗೇ ಇಟ್ಟು, ಚುಚ್ಚಿಸಿದ. ಐದು ಪಾಯಿಂಟ್ ಒಂದು, ನಾಲ್ಕು ಪಾಯಿಂಟ್ ಎಂಟು, ನಾಲ್ಕು ಪಾಯಿಂಟ್ ಮೂರು. ಆರಿತು.

ಬೋರ್ಡಿನ ತಪ್ಪಲ್ಲ. ಅದಕ್ಕೆ ಅನ್ನವೇ ಸಾಲುತ್ತಿರಲಿಲ್ಲ.

"ಈ ಬಿಳಿ ಕೇಬಲ್ ಎಲ್ಲಿಂದ ಬಂತು ತಂಗೀ?"

ಕಸ್ತೂರೆವ್ವ ಅಂಗಡಿಯ ಬಿಲ್ಲಿನ ಚೀಟಿಯ ಮೇಲೆ ಬರೆದಳು. "ಹ್ವಾದ ತಿಂಗಳ ಕಂಪನಿ ಶಿಬಿರ ಮಾಡಿದ್ರು. ಎಲ್ಲಾರಿಗೂ ಹೊಸಾ ಕೇಬಲ್ ಪುಕ್ಕಟೆ ಕೊಟ್ರು. ಹಳೇವು ಇಸಕೊಂಡ್ರು." ಸ್ವಲ್ಪ ತಡೆದು ಮತ್ತೆ ಬರೆದಳು. "ಅವತ್ತಿನಿಂದ ನಡುನಡುವ ಮಾತು ನಿಲ್ಲತಿತ್ತು. ವಯಸ್ಸಾತು ಪೆಟ್ಟಿಗಿಗೆ ಅನಕೊಂಡೆ. ಮೊನ್ನಿ ರಾತ್ರಿ ಆರಿಸಿದ್ದು ಬೆಳಿಗ್ಗೆ ಏಳಲ ಇಲ್ಲ."

ದಾವಲಸಾಬ ಬ್ಲೇಡು ತಗೊಂಡು ಕೇಬಲ್ ಸೀಳಿದ. ನೋಡಲು ಕಿರುಬೆರಳಿನಷ್ಟು ದಪ್ಪ. ಒಳಗೆ ಬರೀ ರಬ್ಬರು, ರಬ್ಬರಿನ ನಡುವೆ ತಲೆಗೂದಲಿನಂಥ ಎರಡು ತಂತಿ. ಆ ದಪ್ಪ ನೋಡಿಯೇ ಅವನೂ ಮೋಸಹೋಗಿದ್ದ, ಕಂಪನಿಯದ್ದಲ್ಲವೇ, ಹೊಸದಲ್ಲವೇ ಅಂತ. ಬೇಕಂತಲೇ ಮಾಡಿದ್ದರೋ, ಜಿಪುಣತನಕ್ಕೆ ಮಾಡಿದ್ದರೋ, ಅವನಿಗೆ ಗೊತ್ತಿಲ್ಲ. ಆದರೆ ಹುಬ್ಬಳ್ಳಿಯ ಮೇಜಿನ ಮೇಲೂ ಇದೇ ಕೇಬಲ್ ಇತ್ತು. ಅದರಲ್ಲಿ ಹಳೆಯ ಯಾವ ಪೆಟ್ಟಿಗೆ ಚುಚ್ಚಿದರೂ ಸತ್ತಂತೆಯೇ ತೋರಿಸುತ್ತದೆ, ನಲವತ್ತಮೂರಕ್ಕೆ ನಲವತ್ತಮೂರೂ.

"ಮತ್ತ ನನ್ನ ಕುಂಕುಮ?" ಅಂದಳು ಬಾಳವ್ವ.

"ನಿಮ್ಮ ಕುಂಕುಮಾನೂ ಒಂದು ಗುಟುಕು ಕುಡೀತಿತ್ತು ಆಯೀ, ಇಲ್ಲ ಅನ್ನೂದಿಲ್ಲ. ಆದರ ಬಾವಿ ಬತ್ತಿಸಿದವರು ಬ್ಯಾರೆ."

ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಇಸ್ತ್ರಿಪೆಟ್ಟಿಗೆಯಿಂದ ವೈರು ಕತ್ತರಿಸಿದ. ಕೆಂಪು ಕರಿ ನೂಲು ಹೆಣೆದ, ಹಾವಿನಂಥ ವೈರು, ಒಳಗೆ ಒಳ್ಳೆಯ ತಾಮ್ರ. ಎರಡೂ ತುದಿಗೆ ಪಿನ್ನು ಬೆಸೆದ. ಚುಚ್ಚಿದ. ಕೆಂಪು ದೀಪ ಗಟ್ಟಿಯಾಗಿ ನಿಂತಿತು. ಹಸಿರು ಮಿಣುಕತೊಡಗಿತು, ಮಿಣುಕುತ್ತಲೇ ಇತ್ತು. ಬಾಳವ್ವ ಎಣಿಸತೊಡಗಿದಳು. ನಲವತ್ತೆಂಟಕ್ಕೆ ಪೆಟ್ಟಿಗೆ ಸಣ್ಣಗೆ ಟಿಣ್ ಅಂದಿತು.

ಕಸ್ತೂರೆವ್ವ ಬಿಲ್ಲೆ ಅಂಟಿಸಿಕೊಂಡು, ಸ್ಪೀಕರ್ ಸಿಕ್ಕಿಸಿಕೊಂಡಳು. ಆಮೇಲೆ ಬಾಯಿ ತೆರೆದಳು.

"ಆ ಕ್ಲಾರ್ಕಿಗೆ ಹೇಳ್ರಿ, ನರಗುಂದದ ಬಸ್ಸು ನಾಲ್ಕನೇ ಪ್ಲಾಟ್‌ಫಾರ್ಮ್, ಎರಡನೇದಲ್ಲ."

ಬಾಳವ್ವ ಅತ್ತಳು, ನಕ್ಕಳು, ದಾವಲಸಾಬನ ಬೆನ್ನಿಗೆ ಒಂದು ಗುದ್ದು ಹಾಕಿದಳು.

ಶುಕ್ರವಾರ ಹನ್ನೊಂದಕ್ಕೆ ವಿಚಾರಣೆ ನಡೆಯುವ ಜಿಲ್ಲಾ ಕಚೇರಿಯ ಸಭಾಂಗಣ ತುಂಬಿತ್ತು. ಎದೆಯ ಮೇಲೆ ಪೆಟ್ಟಿಗೆ ಇದ್ದವರು ಹಲವರು, ಪೆಟ್ಟಿಗೆ ಇದ್ದೂ ಮಾತು ನಿಂತವರು ಕೆಲವರು. ಎದುರಿಗೆ ಎತ್ತರದ ಮೇಜಿನ ಹಿಂದೆ ವಿಚಾರಣೆಯ ಅಧ್ಯಕ್ಷೆ, ಕನ್ನಡಕದ ಮೇಲಿಂದ ನೋಡುವ ಹೆಂಗಸು. ಕಂಪನಿಯ ಪರವಾಗಿ ಒಬ್ಬ ವಕೀಲರು, ಅವರ ಹಿಂದೆ ನಿಖಿಲ್ ಅಂಗಡಿ.

ವಕೀಲರು ಮೊದಲು ತೋರಿಸಿದ್ದೇ ಆ ಫೋಟೊ. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಬಾಳವ್ವನ ಕುಂಕುಮದ ಬೊಟ್ಟು ತಟ್ಟೆಯಷ್ಟಗಲ ಮೂಡಿತು. ಅಕ್ಷತೆ ಕಾಳು ಬದನೆಕಾಯಿಯಷ್ಟಾಗಿ ಕಂಡಿತು. ಜನ ನಕ್ಕರು. ಮೂರನೇ ಸಾಲಿನಲ್ಲಿ ಬಾಳವ್ವ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಅವಳ ಪಕ್ಕದಲ್ಲಿದ್ದ ದಾವಲಸಾಬನಿಗೆ ಮೈ ಉರಿದುಹೋಯಿತು.

"ಸೂಕ್ಷ್ಮ ಉಪಕರಣ ಇಂಥವರ ಕೈಯಲ್ಲಿದೆ," ಅಂದರು ವಕೀಲರು. "ನಗುವ ವಿಷಯ ಅಲ್ಲ. ಏಳು ವರ್ಷ ದಾಟಿದ ಪೆಟ್ಟಿಗೆಗಳು ಆರಿಸಿದರೆ ಮತ್ತೆ ಏಳುವುದಿಲ್ಲ. ಹೊಸ ಮಾದರಿ ಪಡೆದು ನೆಮ್ಮದಿಯಾಗಿ ಮಾತಾಡಲಿ ಅನ್ನುವುದೇ ನಮ್ಮ ಕಾಳಜಿ."

"ಕಸ್ತೂರಿ ಹಡಪದ," ಅಂತ ಅಧ್ಯಕ್ಷೆ ಕರೆದರು.

ಕಸ್ತೂರೆವ್ವ ಎದ್ದು ಮುಂದೆ ಹೋದಳು. ಸೊಂಟದಿಂದ ಎದೆಗೆ ಇಸ್ತ್ರಿಪೆಟ್ಟಿಗೆಯ ಕೆಂಪು ಕರಿ ವೈರು ಢಾಳಾಗಿ ಕಾಣುತ್ತಿತ್ತು. "ನನ್ನ ಆಕ್ಷೇಪ ಐತ್ರಿ," ಅಂದಳು. ಬಸ್ ಸ್ಟ್ಯಾಂಡಿನ ಆ ಧ್ವನಿ ಕೇಳಿದ್ದೇ ತಡ ಹಿಂದಿನ ಸಾಲಿನವರು ನೆಟ್ಟಗೆ ಕೂತರು.

ವಕೀಲರು ಎದ್ದು ನಿಂತರು. "ಈಗ ಮಾತಾಡುತ್ತಿದೆ, ಒಪ್ಪಿದೆ. ಮನೆಯಿಂದ ಹೇಗೋ ಚಾಲೂ ಮಾಡಿಕೊಂಡು ಬಂದಿದ್ದಾರೆ. ಎಲ್ಲರ ಎದುರು ಆರಿಸಿ, ಮತ್ತೆ ಚಾಲೂ ಮಾಡಲಿ. ಅದೂ ಕಂಪನಿಯ ಕೇಬಲಿನಿಂದ. ಈ ಹಗ್ಗದಿಂದಲ್ಲ."

ದಾವಲಸಾಬ ಎದ್ದುಬಿಟ್ಟ. ಅವನಿಗೆ ಗೊತ್ತಿತ್ತು, ಆ ಬಿಳಿ ಕೇಬಲಿನಲ್ಲಿ ಎಬ್ಬಿಸಿದರೆ ಬೋರ್ಡು ಅರ್ಧಕ್ಕೇ ಬೀಳುತ್ತದೆ, ಬೀಳುವಾಗ ಕಾರ್ಡಿನ ಬರಹ ಮತ್ತೆ ಹರಿಯಬಹುದು. ಹರಿದರೆ ಒಳ್ಳೆಯ ವೈರು ಹಾಕಿದರೂ ಏಳುವುದಿಲ್ಲ. ಇಲ್ಲಿ ಎರಡು ತಾಸು ಕೂತು ಸರಿಪಡಿಸಲು ಯಾರು ಬಿಡುತ್ತಾರೆ. ಅದೇ ಹೊತ್ತಿಗೆ ಅಪ್ಪಣೆ ಹೊರಬೀಳುತ್ತದೆ, ನಲವತ್ತಮೂರು ಕೊರಳೂ ಒಂದೇ ಸಹಿಗೆ ಹೋಗುತ್ತವೆ. ಬ್ಯಾಡ ತಂಗೀ ಅಂತ ಅವನು ತಲೆಯಾಡಿಸಿದ.

ಕಸ್ತೂರೆವ್ವ ಅವನನ್ನು ನೋಡಿದಳು. ಹಿಂದೆ ಸಾಲಾಗಿ ಕೂತವರ ಎದೆಯ ಮೇಲಿನ ಪೆಟ್ಟಿಗೆಗಳನ್ನು ನೋಡಿದಳು. ಒಂದೊಂದರಲ್ಲೂ ಬಿಳಿ ಕೇಬಲ್.

"ಎರಡರಾಗೂ ಮಾಡ್ತೀನ್ರಿ," ಅಂದಳು. "ಮೊದಲು ಅವರದು, ಆಮ್ಯಾಲೆ ನಮ್ಮದು." ಅಂದವಳೇ ತನ್ನ ಕೈಯಿಂದಲೇ ವೈರು ಕಿತ್ತಳು.

ನಿಖಿಲ್ ತಂದುಕೊಟ್ಟ ಬಿಳಿ ಕೇಬಲ್ ಚುಚ್ಚಿದಳು. ಕೆಂಪು ಹತ್ತಿತು. ಹಸಿರು ಆರು ಸಲ ಮಿಣುಕಿ ಆರಿತು. ವಕೀಲರು ಅಧ್ಯಕ್ಷೆಯ ಕಡೆ ತಿರುಗಿ, ನೋಡಿದಿರಲ್ಲ ಅನ್ನುವ ಹಾಗೆ ಕೈ ಅಗಲಿಸಿದರು. ದಾವಲಸಾಬ ಮೀಟರು ಹಿಡಿದುಕೊಂಡು ಮುಂದೆ ಹೋಗಿ, "ಅಮ್ಮಾರ, ಇನ್ನೊಮ್ಮೆ ಹಚ್ಚಲಿ, ಈ ಅಂಕಿ ನೋಡ್ರಿ," ಅಂದ. ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ನಾಲ್ಕು ಪಾಯಿಂಟ್ ಮೂರು. ಅವನು ಜೇಬಿನಿಂದ ಸೀಳಿದ ಕೇಬಲ್ ತೆಗೆದು ಅವರ ಮೇಜಿನ ಮೇಲೆ ಇಟ್ಟ. ಅವರು ಆ ಕೂದಲಿನಂಥ ತಂತಿಯನ್ನು ಉಗುರಿನಿಂದ ಎಳೆದು ನೋಡಿದರು. ಅದು ಕಿತ್ತುಬಂತು.

"ಇದು ನಿಮ್ಮ ಕಂಪನಿಯದೇ ಏನ್ರಿ?" ಅಂತ ನಿಖಿಲನನ್ನು ಕೇಳಿದರು.

ನಿಖಿಲನಿಗೆ ಅವತ್ತು ನೋಡಿಕೊಳ್ಳಲು ತನ್ನ ಕಂಪ್ಯೂಟರಿನ ಪರದೆ ಇರಲಿಲ್ಲ. ವಕೀಲರ ಮುಖ ನೋಡಿದ, ಪೆಟ್ಟಿಗೆ ನೋಡಿದ. "ಹೌದ್ರಿ," ಅಂದ ಸಣ್ಣಗೆ. "ಲ್ಯಾಬಿನಾಗ ಟೆಸ್ಟ್ ಮಾಡೂದೂ ಇದರಿಂದನ."

ಈಗ ಕಸ್ತೂರೆವ್ವ ಇಸ್ತ್ರಿಪೆಟ್ಟಿಗೆಯ ವೈರು ಚುಚ್ಚಿದಳು. ಕೆಂಪು ಗಟ್ಟಿ ನಿಂತಿತು. ಹಸಿರು ಮಿಣುಕಿತು, ಒಂದು ಗಳಿಗೆ ತಡೆಯಿತು. ಮತ್ತೆ ಮಿಣುಕಿತು. ಹತ್ತು ಸೆಕೆಂಡು ಆಯಿತು, ಹದಿನೈದು ಆಯಿತು.

"ಎಷ್ಟು ಹೊತ್ತು ಕಾಯುವುದು?" ಅಂದರು ವಕೀಲರು.

ಕಸ್ತೂರೆವ್ವ ಅಂಗೈ ಎತ್ತಿ ಹಿಡಿದಳು. ಬಸ್ಸು ಹಿಂದಕ್ಕೆ ತಗೊಳ್ಳುವ ಡ್ರೈವರನ್ನು ನಿಲ್ಲಿಸುವ ಹಾಗೆ. ವಕೀಲರು ಕೂತರು. ಅವಳು ಕೈ ಇಳಿಸಲಿಲ್ಲ. ಮೂರನೇ ಸಾಲಿನಿಂದ ಬಾಳವ್ವನ ಎಣಿಕೆ ಮಾತ್ರ ಕೇಳುತ್ತಿತ್ತು. ಮೂವತ್ತೊಂದು, ಮೂವತ್ತೆರಡು. ಪಕ್ಕದವರೂ ಅವಳ ಜೊತೆ ಎಣಿಸತೊಡಗಿದರು. ಮಾತು ನಿಂತ ಪೆಟ್ಟಿಗೆಯವರು ಬಾಯಿಂದ ಆಗದೆ ಬೆರಳು ಮಡಿಚಿ ಎಣಿಸಿದರು. ನಲವತ್ತೈದು. ನಲವತ್ತಾರು. ನಲವತ್ತೇಳು.

ಟಿಣ್ ಅಂದಿತು.

ಅವಳು ಕೈ ಇಳಿಸಿ ಮೊದಲು ಗೋಡೆಯ ಮೇಲಿನ ಫೋಟೊ ಕಡೆ ತಿರುಗಿದಳು, ಆಮೇಲೆ ಅಧ್ಯಕ್ಷೆಯ ಕಡೆ. ಧ್ವನಿ ಎತ್ತಲಿಲ್ಲ. ಆರೂ ಇಪ್ಪತ್ತರ ರೋಣದ ಬಸ್ಸು ಕರೆಯುವಾಗ ಹೇಗಿರುತ್ತದೋ ಹಾಗೇ ಇತ್ತು.

"ಎಲ್ಲಾರೂ ಇಲ್ಲಿ ಕೇಳ್ರಿ. ಆ ಕುಂಕುಮ ಹಚ್ಚಿದವರು ನಮ್ಮ ಅತ್ತಿಯವರು. ಅಲ್ಲಿ ಮೂರನೇ ಸಾಲಿನಾಗ ಕುಂತಾರ. ಮುಖ ಮುಚ್ಚಿಕೋಬ್ಯಾಡ್ರಿ ಅತ್ತಿ, ಸೆರಗು ತಗೀರಿ. ತಪ್ಪು ಮಾಡಿದ್ರು, ತಾವ ಒಪ್ಪಿಕೊಂಡ್ರು, ತಾವ ಕುಂತು ತಿದ್ದಿದ್ರು. ಕೇಬಲ್ ಕೊಟ್ಟವರು ಇನ್ನೂ ಒಪ್ಪಿಕೊಂಡಿಲ್ಲ. ಮುಂದಿನ ಖಂಡೇನವಮಿಗೂ ಅತ್ತಿಯವರು ಇದಕ್ಕ ಕುಂಕುಮ ಹಚ್ತಾರ. ಮುಚ್ಚಳದ ಮ್ಯಾಲೆ ಹಚ್ತಾರ. ಯಾಕಂದ್ರ ಮುಂದಿನ ಖಂಡೇನವಮಿಗೂ ಈ ಪೆಟ್ಟಿಗಿ ನಮ್ಮ ಮನಿಯಾಗ ಇರತೈತಿ. ನಾ ಕೊಡೂದಿಲ್ಲ."